ಈಜು ಬಾರದವರ ಕಡಲು

1960ರ ಜನವರಿ 23ರಂದು ಇಬ್ಬರು ಮನುಷ್ಯರು ಭೂಮಿಯ ಅತಿ ಆಳದ ಕಡಲತಳವನ್ನು ಮುಟ್ಟಿ ಬಂದರು. ಪೆಸಿಫಿಕ್ ಸಾಗರದ ಮರಿಯಾನಾ ಕಂದಕ, ಸುಮಾರು 10,900 ಮೀಟರ್ ಆಳ. ಒಬ್ಬರು ಅಮೆರಿಕ ನೌಕಾಪಡೆಯ ಡಾನ್ ವಾಲ್ಷ್, ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ಜಾಕ್ ಪಿಕಾರ್. ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇಲ್ಲ. ಆಮೇಲೆ ಪಿಕಾರ್ ಮಾಡಿದ ಕೆಲಸ ನನಗೆ ಆ ಸಾಹಸಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ನಾಲ್ಕೇ ವರ್ಷಗಳಲ್ಲಿ ಅವರು ನಲವತ್ತು ಮಂದಿ ಪ್ರಯಾಣಿಕರು ಕುಳಿತು ಹೋಗುವ ಸಬ್‌ಮರೀನ್ ಒಂದನ್ನು ರೂಪಿಸಿ, ತಮ್ಮ ತಂದೆ ಆಗಸ್ಟ್ ಪಿಕಾರ್ ಅವರ ಹೆಸರಿಟ್ಟರು. 1964ರಲ್ಲಿ ಲೌಸಾನ್ ನಗರದಲ್ಲಿ ನಡೆದ ರಾಷ್ಟ್ರೀಯ ಪ್ರದರ್ಶನಕ್ಕೆ ಬಂದವರು ಟಿಕೆಟ್ ಕೊಂಡು ಅದರಲ್ಲಿ ಕುಳಿತರು, ಜಿನೀವಾ ಸರೋವರದೊಳಗೆ ಇಳಿದರು, ಹತ್ತಿ ಬಂದು ಮನೆಗೆ ಹೋದರು. ಹೀಗೆ ಹೋಗಿ ಬಂದವರು ಸುಮಾರು 33,000 ಮಂದಿ. ಯಾರೂ ಸಾಹಸಿಗಳಲ್ಲ. ಗುಮಾಸ್ತರು, ಮೇಷ್ಟರು, ಮಕ್ಕಳ ಕೈಹಿಡಿದ ತಾಯಂದಿರು.

ಅಲ್ಲಿಯವರೆಗೆ ಸಾಮಾನ್ಯರಿಗೆ ನೀರಿನಡಿಯ ಕಿಟಕಿ ಕಥೆಯ ವಸ್ತುವಾಗಿತ್ತು. ಜೂಲ್ಸ್ ವರ್ನ್ ಬರೆದ ಕ್ಯಾಪ್ಟನ್ ನೀಮೋ ತನ್ನ ನಾಟಿಲಸ್ ನೌಕೆಯ ಗಾಜಿನಾಚೆಯ ಕಡಲನ್ನು ತಾನು ಸೆರೆಹಿಡಿದವರಿಗೆ ತೋರಿಸುತ್ತಾನೆ. ಈ ನೀಮೋ ನಮ್ಮ ದೇಶದವನು ಎಂಬುದು ಮುಂದಿನ ಕಾದಂಬರಿ ‘ನಿಗೂಢ ದ್ವೀಪ’ದಲ್ಲಿ ಬಯಲಾಗುತ್ತದೆ. ಬುಂದೇಲಖಂಡದ ರಾಜಕುಮಾರ ಡಕ್ಕರ್; ಅಷ್ಟೇ ಅಲ್ಲ, ವರ್ನ್ ಅವನನ್ನು ನಮ್ಮ ಟಿಪ್ಪು ಸುಲ್ತಾನನ ಸೋದರಳಿಯನನ್ನಾಗಿ ಮಾಡಿದ್ದಾನೆ. ಅದೆಷ್ಟೇ ವೈಭವದ್ದಾದರೂ ಆ ಕಿಟಕಿ ಒಬ್ಬ ಅರಸುಮಗನ ಖಾಸಗಿ ಸೊತ್ತು. ಪಿಕಾರ್ ಅದನ್ನು ಬಸ್ಸಿನ ಕಿಟಕಿಯನ್ನಾಗಿ ಮಾಡಿದರು.

ರಜೆಗೆ ದ್ವೀಪಕ್ಕೆ ಹೋದವರು ಇಂದು ಹತ್ತುವ ಪ್ರವಾಸಿ ಸಬ್‌ಮರೀನು ಆ ಬಸ್ಸಿನ ಸಂತಾನ. 1980ರ ದಶಕದಲ್ಲಿ ಕೆರಿಬಿಯನ್ ಕಡಲಿನ ಕೇಮನ್ ದ್ವೀಪದಲ್ಲಿ ಅಟ್ಲಾಂಟಿಸ್ ಎಂಬ ಹೆಸರಿನ ಸಬ್‌ಮರೀನ್ ಓಡತೊಡಗಿತು. ಆಮೇಲೆ ಬಾರ್ಬಡೋಸ್, ಹವಾಯಿ, ಮಾರಿಷಸ್, ಕೊರಿಯಾದ ಜೆಜು, ಸ್ಪೇನಿನ ಲಾಂಜಾರೋಟೆ ಎಂದು ಇಂಥ ನೌಕೆಗಳು ಹಬ್ಬಿದವು. ಎಲ್ಲವೂ ದ್ವೀಪಗಳೇ. ಅದಕ್ಕೆ ಕಾರಣವಿದೆ. ನಡುಗಡಲಿನ ದ್ವೀಪದಲ್ಲಿ ಕೆಸರು ಹೊತ್ತು ತರುವ ದೊಡ್ಡ ನದಿಗಳಿಲ್ಲ, ನೀರು ತಿಳಿಯಾಗಿರುತ್ತದೆ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು, ಬೇಕಾದಷ್ಟು ಆಳ ಸಿಗುತ್ತದೆ. ನಮ್ಮ ಕರಾವಳಿಯ ಲೆಕ್ಕ ಬೇರೆ. ನೇತ್ರಾವತಿ, ಶರಾವತಿ, ಕಾಳಿ ಘಟ್ಟದ ಮಣ್ಣನ್ನು ತಂದು ಸುರಿಯುತ್ತವೆ. ಆ ಮಣ್ಣಿನ ಸಾರವೂ ಸೇರಿ ನಮ್ಮಲ್ಲಿ ಮೀನು ಹುಲುಸು, ಆದರೆ ಅದೇ ಮಣ್ಣಿನಿಂದಾಗಿ ದಡದ ಹತ್ತಿರ ಗಾಜಿಗೆ ಮುಖ ಒತ್ತಿದರೂ ಏನೂ ಕಾಣದು.

ನಾನು ಇಳಿದದ್ದು ಹವಾಯಿಯ ಹೊನೊಲುಲುವಿನಲ್ಲಿ, ವೈಕೀಕಿ ತೀರದಾಚೆ. ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಬಂದಿದ್ದ ದೊಡ್ಡಮ್ಮನೂ ಜೊತೆಗಿದ್ದರು. ಅವರು ತೀರ್ಥಹಳ್ಳಿ ಕಡೆಯವರು. ತುಂಗೆಯ ದಡದಲ್ಲೇ ಹುಟ್ಟಿ ಬೆಳೆದರೂ ಈಜು ಬಾರದು. ಅಣ್ಣಂದಿರು ಮಂಟಪದ ಮೇಲಿಂದ ಮಡುವಿಗೆ ಹಾರುತ್ತಿದ್ದರು. ತಂಗಿಯರು ಮೊಣಕಾಲುದ್ದ ನೀರಿನಲ್ಲಿ ಬಟ್ಟೆ ಒಗೆದು, ಸೊಂಟದುದ್ದ ನೀರಿನಲ್ಲಿ ಮಿಂದು ಬರುತ್ತಿದ್ದರು. ‘ಆಳಕ್ಕೆ ಹೋಗಬೇಡ’ ಎಂಬ ಮಾತನ್ನು ಕೇಳುತ್ತಲೇ ಒಂದು ತಲೆಮಾರಿನ ಹೆಣ್ಣುಮಕ್ಕಳು ಮುದುಕಿಯರಾದರು. ಹಳ್ಳಿಯ ಅಷ್ಟೂ ಗಂಡುಮಕ್ಕಳಿಗೆ ಸಲ್ಲುತ್ತಿದ್ದ ಆಳ ಅವರಿಗೆ ಯಾವತ್ತೂ ಸಲ್ಲಲಿಲ್ಲ. ಸಬ್‌ಮರೀನಿನ ಬಗ್ಗೆ ನನಗಿರುವ ಪ್ರೀತಿಗೆ ಮೂಲ ಇಲ್ಲಿದೆ. ಸ್ಕೂಬಾ ಡೈವಿಂಗಿಗೆ ಆಸ್ತಮಾ, ಹೃದಯದ ತೊಂದರೆ ಎಲ್ಲವೂ ಅಡ್ಡಿ. ಸ್ನಾರ್ಕೆಲ್ ಹಿಡಿದು ತೇಲುವುದಕ್ಕೂ ನೀರಿನ ಮೇಲೆ ಮೈಬಿಡುವ ಧೈರ್ಯ ಬೇಕು. ಸಬ್‌ಮರೀನಿನಲ್ಲಿ ಮೈ ಒದ್ದೆಯೂ ಆಗುವುದಿಲ್ಲ.

ಕಷ್ಟವೇನಿದ್ದರೂ ಹತ್ತುವ ಮುಂಚೆ. ದಡದಿಂದ ದೋಣಿಯಲ್ಲಿ ಹೋಗಬೇಕು, ಅಲೆಗೆ ಹೊಟ್ಟೆ ತೊಳಸುತ್ತದೆ. ಕಡಲ ನಡುವೆ ನೀರು ನೊರೆನೊರೆಯಾಗಿ ಕುದಿದು ಬಿಳಿಯ ಬೆನ್ನೊಂದು ಮೇಲೇಳುತ್ತದೆ. ದೋಣಿಯಿಂದ ಅದರ ಮೇಲೆ ದಾಟಿ, ದುಂಡನೆಯ ಬಾಗಿಲೊಳಗೆ ಕಡಿದಾದ ಏಣಿಯಲ್ಲಿ ಹಿಮ್ಮುಖವಾಗಿ ಇಳಿಯಬೇಕು. ಜೀವಮಾನವಿಡೀ ಅಟ್ಟದ ಏಣಿ ಹತ್ತಿಳಿದ ದೊಡ್ಡಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಮಂಡಿನೋವಿದ್ದರೂ ಎರಡೂ ಕೈಯಲ್ಲಿ ಕಂಬಿ ಹಿಡಿದು, ಮೆಟ್ಟಿಲನ್ನು ಕಾಲಿನಿಂದಲೇ ತಡವಿಕೊಂಡು ಇಳಿದರು. ಒಳಗೆ ಉದ್ದಕ್ಕೆ ಬೆನ್ನಿಗೆ ಬೆನ್ನು ಕೊಟ್ಟ ಬೆಂಚು, ಎದುರಿಗೆ ದಪ್ಪ ಅಕ್ರಿಲಿಕ್ಕಿನ ದುಂಡು ಕಿಟಕಿಗಳು. ಬಾಗಿಲು ಮುಚ್ಚಿತು. ಕೆಲವೇ ಅಡಿ ಇಳಿದದ್ದೇ ತಡ, ಅಲೆಯ ಕುಲುಕಾಟ ಬಹುಮಟ್ಟಿಗೆ ನಿಂತುಹೋಯಿತು.

ಈ ಯಂತ್ರದ ಒಂದು ಗುಣವನ್ನು ಹೇಳಲೇಬೇಕು. ಅದು ತನ್ನ ಭಾರಕ್ಕೆ ಮುಳುಗುವಂಥದ್ದಲ್ಲ. ತೊಟ್ಟಿಗಳಿಗೆ ನೀರು ತುಂಬಿಕೊಂಡ ಮೇಲೂ ತುಸು ತೇಲುವ ಗುಣವನ್ನು ಉಳಿಸಿಕೊಂಡಿರುತ್ತದೆ; ಬ್ಯಾಟರಿಯಿಂದ ತಿರುಗುವ ಥ್ರಸ್ಟರುಗಳು ಅದನ್ನು ಕೆಳಕ್ಕೆ ಒತ್ತಿಹಿಡಿಯುತ್ತವೆ. ವಿದ್ಯುತ್ ಕೈಕೊಟ್ಟರೆ ಅದು ತಾನಾಗಿ ಮೇಲಕ್ಕೆ ಬರಬೇಕು, ವಿನ್ಯಾಸವೇ ಹಾಗೆ. ನೂರು ಅಡಿ ಆಳದಲ್ಲಿ ಹೊರಗಿನ ಒತ್ತಡ ದಡದ ನಾಲ್ಕು ಪಟ್ಟು. ಒಳಗೆ ಮಾತ್ರ ದಡದಷ್ಟೇ. ಆದ್ದರಿಂದ ಕಿವಿ ನೋಯುವುದಿಲ್ಲ, ಮೇಲೆ ಬರುವಾಗ ಡೈವರುಗಳಂತೆ ತಡೆದು ತಡೆದು ಬರಬೇಕಾಗಿಯೂ ಇಲ್ಲ.

ಆಳದ ಅಂಕಿ ಏರುತ್ತಿದ್ದಂತೆ ದೊಡ್ಡಮ್ಮ ಕಿಟಕಿ ಬಿಟ್ಟು ತಮ್ಮ ಮಡಿಲನ್ನೇ ನೋಡತೊಡಗಿದರು. ಅವರ ಚೂಡಿದಾರದ ಮೇಲಿನ ದುಪಟ್ಟ ದಾಸವಾಳದ ಕೆಂಪು. ಅದು ಮಾಸಿ ಕಂದಾಗಿತ್ತು. ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿ, “ನಿನ್ನ ಹಣೆ ನೋಡೇ, ಕುಂಕುಮ ಕಪ್ಪಗಾಗಿದೆ” ಅಂದರು. ದನಿಯಲ್ಲಿ ಗಾಬರಿ ಇತ್ತು. ಅಕ್ಕ ನಗುತ್ತಾ ಹಣೆ ಮುಟ್ಟಿಕೊಂಡಳು. “ಏನಿಲ್ಲ ಅಮ್ಮ, ನೀರು ಕೆಂಪು ಬೆಳಕನ್ನ ಕುಡಿದುಬಿಡುತ್ತೆ. ಮೇಲೆ ಹೋದ ತಕ್ಷಣ ವಾಪಸ್ ಬರುತ್ತೆ.” ಅವಳು ಹೇಳಿದ್ದು ಸರಿ. ಸೂರ್ಯನ ಬೆಳಕಿನಲ್ಲಿ ನೀರು ಮೊದಲು ಹೀರುವುದು ಕೆಂಪನ್ನೇ. ಹತ್ತು ಮೀಟರು ದಾಟುವಷ್ಟರಲ್ಲಿ ಅದರ ಬಹುಪಾಲು ಮುಗಿದಿರುತ್ತದೆ. ಹಿಂದೆಯೇ ಕಿತ್ತಳೆ, ಹಳದಿ. ಕೊನೆಯತನಕ ಉಳಿಯುವುದು ನೀಲಿ.

ದೊಡ್ಡಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಆಗ ಮಾರ್ಗದರ್ಶಿ ಮುಳುಗಿದ ಹಡಗೊಂದರ ಒಡಲೊಳಗೆ ಗುಂಪಾಗಿ ನಿಂತಿದ್ದ ದೊಡ್ಡ ಕಣ್ಣಿನ ಮಂಕು ಮೀನುಗಳನ್ನು ತೋರಿಸಿದ. ಅಲ್ಲಿಯವರು ಅವನ್ನು ಮೆನ್‌ಪಾಚಿ ಎನ್ನುತ್ತಾರೆ. ಹಗಲೆಲ್ಲ ಕತ್ತಲ ಮೂಲೆಯಲ್ಲಿದ್ದು ರಾತ್ರಿ ಬೇಟೆಗೆ ಹೊರಡುವ ಮೀನು. ಮೇಲೆ ತಂದರೆ ಅವು ಅಚ್ಚ ಕೆಂಪು. ಕೆಂಪು ಬೆಳಕೇ ಇಲ್ಲದ ಕಡೆ ಕೆಂಪು ಮೈ ನೆರಳಿನಂತೆ ಕರಗಿಹೋಗುತ್ತದೆ. ನಮಗೆ ಎದ್ದು ಕಾಣುವ ಬಣ್ಣವೇ ಅವಕ್ಕೆ ಅಡಗುತಾಣ. ದೊಡ್ಡಮ್ಮ ಗಾಜಿಗೆ ಹಣೆ ತಾಗಿಸಿ ಆ ಮೀನುಗಳನ್ನೇ ಬಹಳ ಹೊತ್ತು ನೋಡಿದರು. ಕುಂಕುಮದ ಮಾತು ಮತ್ತೆ ಬರಲಿಲ್ಲ.

ಹತ್ತಿ ಬಂದವರಲ್ಲಿ ಹಲವರಿಗೆ ಬೇಸರವಾಗುವುದೂ ಈ ಬಣ್ಣದ ವಿಷಯಕ್ಕೇ. ‘ಟೀವಿಯಲ್ಲಿ ನೋಡಿದ ಹಾಗಿಲ್ಲ, ಎಲ್ಲ ನೀಲಿ ನೀಲಿ’ ಎಂಬ ದೂರು ವಾಪಸು ದೋಣಿಯಲ್ಲೂ ಕೇಳಿಬಂತು. ಟೀವಿಯವರು ಪ್ರಖರವಾದ ದೀಪ ಹೊತ್ತು ಇಳಿಯುತ್ತಾರೆ. ಆ ದೀಪ ಕಡಲಿಗೆ ಅಲ್ಲಿ ಇಲ್ಲದ ಬಣ್ಣವನ್ನು ತಂದುಕೊಡುತ್ತದೆ. ಅಲ್ಲಿಯ ಜೀವಿಗಳು ಬದುಕುವ ನಿಜವಾದ ಬೆಳಕು ಸಬ್‌ಮರೀನಿನ ಕಿಟಕಿಯಾಚೆಗಿನದು. ಹೋಗುವವರಿಗೆ ನನ್ನದೊಂದೇ ವಿನಂತಿ: ಮೊಬೈಲನ್ನು ಜೇಬಿನಲ್ಲಿಡಿ. ಐದು ನಿಮಿಷ ಸುಮ್ಮನೆ ನೋಡಿದರೆ ಕಣ್ಣು ಆ ನೀಲಿಗೆ ಪಳಗುತ್ತದೆ, ಬಂಡೆ ಅಂದುಕೊಂಡದ್ದು ಆಮೆಯಾಗಿ ಕತ್ತೆತ್ತುತ್ತದೆ. ಮೊಬೈಲಿನ ಪರದೆಯಲ್ಲಿ ಸಿಗುವುದು ಗಾಜಿನ ಮೇಲೆ ಬಿದ್ದ ನಮ್ಮದೇ ಮುಖದ ಪ್ರತಿಬಿಂಬ.

ವೈಕೀಕಿಯ ಆಚೆ ಈ ಜಾಗದಲ್ಲಿ ಬಹುಪಾಲು ಬರೀ ಮರಳಿತ್ತು. ಕಾಣುವುದರಲ್ಲಿ ಹೆಚ್ಚಿನದು ಮನುಷ್ಯರೇ ತಂದಿಟ್ಟದ್ದು. ನೌಕಾಪಡೆಯ ಹಳೆಯ ತೈಲ ಹಡಗು ವೈಒ-257 ಅನ್ನು 1989ರಲ್ಲಿ ಬೇಕೆಂದೇ ಇಲ್ಲಿ ಮುಳುಗಿಸಿದರು. 1996ರಲ್ಲಿ ಸ್ಯಾನ್ ಪೆಡ್ರೊ ಎಂಬ ಮೀನುಗಾರಿಕಾ ಹಡಗು ಅದರ ನೆರೆಗೆ ಬಂತು. ಬಾಳಿಕೆ ಮುಗಿದ ವಿಮಾನಗಳ ಅಸ್ಥಿಪಂಜರವೂ ಇದೆ. ಆಸರೆಯೇ ಇಲ್ಲದ ಬಯಲಿನಲ್ಲಿ ಒಂದು ಗೋಡೆ ಸಿಕ್ಕರೆ ಮೊದಲು ಪಾಚಿ, ಆಮೇಲೆ ಹವಳದ ಮರಿ, ಆಮೇಲೆ ಮೀನು. ಕಬ್ಬಿಣದ ಮೇಲೆ ಅಂಗೈಯಗಲ ಬೆಳೆದ ಹವಳ ಕಂಡಾಗ ನನಗೆ ರೋಮಾಂಚನವಾಯಿತು. ಹವಾಯಿಯ ಗುಡ್ಡೆಹವಳ ವರ್ಷಕ್ಕೆ ಹೆಚ್ಚೆಂದರೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ; ಅಂಗೈಯಗಲವೆಂದರೆ ಎಷ್ಟು ವರ್ಷಗಳ ದುಡಿಮೆ! ಹವಾಯಿಯ ಮೂಲಜನರ ಸೃಷ್ಟಿಗೀತೆ ಕುಮುಲಿಪೊದಲ್ಲಿ ಕತ್ತಲಿನಿಂದ ಮೊದಲು ಹುಟ್ಟುವ ಜೀವಿ ಹವಳ. ಮನುಷ್ಯ ಬರುವುದು ಬಹಳ ತಡವಾಗಿ. 2014 ಮತ್ತು 2015ರಲ್ಲಿ ನೀರು ಬಿಸಿಯಾಗಿ ಆ ದ್ವೀಪಗಳ ಹವಳಗಳು ಬಿಳಿಚಿಕೊಂಡದ್ದು ಅವರಿಗೆ ಹಿರಿಯಣ್ಣನ ಕಾಯಿಲೆ. ಹವಳಕ್ಕೆ ಹಾನಿ ಮಾಡುವ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನಿನ ಮಾರಾಟವನ್ನು 2021ರಿಂದ ಅಲ್ಲಿ ನಿಲ್ಲಿಸಿದ್ದಾರೆ.

ಹಡಗಿನ ಸುತ್ತ ಹಿಂಡುಹಿಂಡಾಗಿ ಸುಳಿಯುತ್ತಿದ್ದ, ಹಳದಿ ಮೈಗೆ ನೀಲಿ ಗೆರೆಯ ಮೀನನ್ನು ಎಲ್ಲರೂ ಮೆಚ್ಚಿದರು. ಹೆಸರು ತಾಆಪೆ. ಅದು ಅಲ್ಲಿಯದಲ್ಲ. ಮೀನುಗಾರಿಕೆಗೆ ಅನುಕೂಲವಾಗಲೆಂದು 1950ರ ದಶಕದಲ್ಲಿ ಮಾರ್ಕೆಸಸ್ ದ್ವೀಪಗಳಿಂದ ತಂದು ಬಿಟ್ಟದ್ದು; ನಿರೀಕ್ಷೆಗೂ ಮೀರಿ ಹಬ್ಬಿತು, ಸ್ಥಳೀಯ ಬೆಸ್ತರಿಗೆ ಅದು ಬೇಡವಾದ ನೆಂಟ. ನೋಡಲು ಚೆಂದವಿರುವುದೆಲ್ಲ ಮೂಲದ್ದು ಎಂದು ಪ್ರವಾಸಿ ನಂಬಿ ಬರಬಾರದು, ನಂಬಿಸಿ ಕಳಿಸಲೂಬಾರದು. ನಮ್ಮ ಮಾರ್ಗದರ್ಶಿ ಇದನ್ನು ಮುಚ್ಚಿಡದೆ ಹೇಳಿದ, ಅದಕ್ಕಾಗಿ ಅವನ ಮೇಲೆ ಗೌರವ ಹುಟ್ಟಿತು.

ಭಯದ ಮಾತನ್ನೂ ಆಡಬೇಕು. 2023ರ ಜೂನ್‌ನಲ್ಲಿ ಟೈಟಾನಿಕ್ ನೋಡಲು ಹೊರಟ ಟೈಟನ್ ನೌಕೆ ಒತ್ತಡಕ್ಕೆ ಕುಸಿದು ಐವರು ಸತ್ತರು. ಅದು ಸುಮಾರು 3,800 ಮೀಟರ್ ಆಳದ ಪ್ರಯಾಣ, ಹೊರಗಿನ ಯಾವ ಸಂಸ್ಥೆಯ ಪ್ರಮಾಣೀಕರಣವನ್ನೂ ಪಡೆಯದ ನೌಕೆ. ಮೂವತ್ತು ಮೀಟರಿನ ಪ್ರವಾಸಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ 2025ರ ಮಾರ್ಚ್ 27ರಂದು ಈಜಿಪ್ಟಿನ ಹುರ್ಘಾದಾ ತೀರದಲ್ಲಿ ಪ್ರವಾಸಿ ಸಬ್‌ಮರೀನೇ ಮುಳುಗಿ ರಷ್ಯಾದ ಆರು ಮಂದಿ ಜೀವ ಕಳೆದುಕೊಂಡರು. ಆಳ ಕಡಿಮೆ ಎಂಬುದೇ ರಕ್ಷೆಯಲ್ಲ. ಹವಾಯಿಯಲ್ಲಿ ಈ ನೌಕೆಗಳನ್ನು ಅಮೆರಿಕದ ಕರಾವಳಿ ರಕ್ಷಣಾ ಪಡೆ ತಪಾಸಣೆ ಮಾಡುತ್ತದೆ. ಬೇರೆ ಯಾವುದೇ ದ್ವೀಪದಲ್ಲಿ ಟಿಕೆಟ್ ಕೊಳ್ಳುವ ಮುಂಚೆ ‘ಇದನ್ನು ಪರೀಕ್ಷಿಸಿದವರು ಯಾರು, ಯಾವಾಗ?’ ಎಂದು ಕೇಳಿ. ಸಂಕೋಚ ಬೇಡ, ಮಕ್ಕಳನ್ನೂ ಹಿರಿಯರನ್ನೂ ಕೂರಿಸುವ ಗಾಡಿ ಅದು.

ನಮ್ಮಲ್ಲೂ ಇದರ ಮಾತು ಶುರುವಾಗಿದೆ. 2023ರ ಕೊನೆಯಲ್ಲಿ ಗುಜರಾತ್ ಸರ್ಕಾರ ಹಡಗು ಕಟ್ಟುವ ಮಜಗಾಂವ್ ಡಾಕ್ ಜೊತೆ ಸೇರಿ ಬೇಟ್ ದ್ವಾರಕಾ ಬಳಿ ಪ್ರವಾಸಿ ಸಬ್‌ಮರೀನ್ ಓಡಿಸುವ ಯೋಜನೆ ಪ್ರಕಟಿಸಿತು. ನನ್ನ ಕೇಳಿದರೆ ಇನ್ನೂ ತಕ್ಕ ಜಾಗ ಲಕ್ಷದ್ವೀಪ. ನದಿಯಿಲ್ಲ, ತಿಳಿನೀರು, ಹವಳವೇ ನೆಲ. ಕದ್ಮತ್, ಅಮಿನಿ ಮೊದಲಾದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಕೊಬ್ಬರಿ ಮಂಜಿ ಹಡಗುಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಆದರೆ ಬಿಸಿನೀರಿಗೆ ಬಳಲಿದ ಆ ಹವಳದ ಮೇಲೆ ಲಂಗರು ಬೀಳಬಾರದು, ಥ್ರಸ್ಟರಿನ ರಭಸಕ್ಕೆ ಮರಳು ಎದ್ದು ಅದನ್ನು ಮುಚ್ಚಬಾರದು. ಅಷ್ಟು ಜಾಗ್ರತೆ ಸಾಧ್ಯವಿಲ್ಲವಾದರೆ ಗಾಜಿನ ತಳದ ದೋಣಿಯೇ ಸಾಕು.

ಇನ್ನು ದರದ ವಿಷಯ. ವೈಕೀಕಿಯಲ್ಲಿ ಒಬ್ಬರಿಗೆ ನೂರು ಡಾಲರಿಗೂ ಮೇಲೆ. ಇಲ್ಲಿಗೆ ಬಂದಾಗಲೂ ಅದು ರೆಸಾರ್ಟಿನವರ ಆಟಿಕೆಯಾಗಿಬಿಟ್ಟರೆ ನಾಟಿಲಸ್ಸಿನ ಕಿಟಕಿ ಮತ್ತೆ ಅರಸುಮಕ್ಕಳ ಪಾಲಾದಂತೆ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರಿದ್ದಾರೆ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ. ಕಿವಿರು ಎತ್ತಿ ನೋಡಿದರೆ ಸಾಕು, ಎಂದು ಹಿಡಿದದ್ದೆಂದು ಹೇಳಬಲ್ಲರು. ಆ ಮೀನುಗಳು ನೀರೊಳಗೆ ಹೇಗೆ ತಿರುಗುತ್ತವೆ, ಹಿಂಡಾಗಿ ಹೇಗೆ ಮಗ್ಗುಲು ಬದಲಿಸುತ್ತವೆ ಎಂದು ನೋಡುವ ಅವಕಾಶ ಅವರಲ್ಲಿ ಎಷ್ಟು ಜನರಿಗೆ ಸಿಕ್ಕೀತು? ಕಡಲಿಗೆ ಹೋದವರು ಗಂಡಸರು, ದಡದಲ್ಲಿ ಕಾದವರು ಇವರು. ಅರಬ್ಬಿ ಕಡಲಿನಲ್ಲಿ ಎಂದಾದರೂ ಸರ್ಕಾರದ ದುಡ್ಡಿನಲ್ಲಿ ಸಬ್‌ಮರೀನ್ ಓಡಿದರೆ, ಅದರ ಮೊದಲ ವಾರದ ಅಷ್ಟೂ ಸೀಟುಗಳನ್ನು ಟಿಕೆಟ್ಟಿಲ್ಲದೆ ಅವರಿಗೆ ಬಿಟ್ಟುಕೊಡಬೇಕು.