ಹೆಸರು ಯಾರ ಸೊತ್ತು?

ಉತ್ತರ ಐರ್‌ಲ್ಯಾಂಡಿನ ಒಂದು ನಗರ ಕೆಲವರಿಗೆ ಡೆರಿ, ಕೆಲವರಿಗೆ ಲಂಡನ್‌ಡೆರಿ. ಐರಿಷ್ ಭಾಷೆಯಲ್ಲಿ ಓಕ್ ಮರಗಳ ತೋಪು ಎಂಬರ್ಥದ ಹಳೆಯ ಹೆಸರಿಗೆ 1613ರ ರಾಜಶಾಸನ ‘ಲಂಡನ್’ ಎಂದು ಅಂಟಿಸಿತು. ಬ್ರಿಟನ್ನಿನ ಜನರನ್ನು ತಂದು ಅಲ್ಲಿ ನೆಲೆಗೊಳಿಸುವ ಯೋಜನೆಗೆ ಲಂಡನ್ನಿನ ವರ್ತಕ ಸಂಘಗಳು ಹಣ ಹೂಡಿದ್ದವು. 1984ರಲ್ಲಿ ನಗರಸಭೆ ತನ್ನ ಹೆಸರಿನಿಂದ ‘ಲಂಡನ್’ ಕೈಬಿಟ್ಟಿತು. ಆದರೆ ನಗರದ ಅಧಿಕೃತ ಹೆಸರು ಲಂಡನ್‌ಡೆರಿಯೇ ಎಂದು 2007ರಲ್ಲಿ ಹೈಕೋರ್ಟ್ ತೀರ್ಪಿತ್ತಿತು.

ಹೇರಿದ ಹೆಸರನ್ನು ಕಿತ್ತೆಸೆದು ಹಳೆಯದನ್ನು ಮರಳಿಸುವುದೇ ನ್ಯಾಯವೆಂದು ನಮಗೆ ಮೊದಲು ತೋಚುತ್ತದೆ. ವಿಷಯ ಅಷ್ಟು ಸರಳವೇ?

1845ರಲ್ಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಐರಿಷರು ಸತ್ತರು. ಅದಕ್ಕಿಂತ ಹೆಚ್ಚು ಮಂದಿ ದೇಶ ಬಿಟ್ಟರು. ಅವರ ಸಂತತಿ ಇಂದು ಅಮೆರಿಕ, ಆಸ್ಟ್ರೇಲಿಯಾಗಳಿಂದ ತಮ್ಮ ಬೇರು ಹುಡುಕಿ ಬರುತ್ತದೆ. 1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರ ಸುಟ್ಟು 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಬೂದಿಯಾಯಿತು. ಹಾಗಾಗಿ ಅವರಿಗೆ ದೊಡ್ಡ ಆಸರೆ, 1847ರಿಂದ 1864ರ ನಡುವೆ ಪ್ರಕಟವಾದ ಗ್ರಿಫಿತ್‌ರ ಭೂಮೌಲ್ಯ ಪಟ್ಟಿ. ಅದರಲ್ಲಿ ಹುಡುಕಲು ಕುಲನಾಮವೊಂದೇ ಸಾಲದು, ‘ಟೌನ್‌ಲ್ಯಾಂಡ್’ ಎಂಬ ಪುಟ್ಟ ಭೂಭಾಗದ ಹೆಸರೂ ಬೇಕು. ಅಂಥವು ಆ ದ್ವೀಪದಲ್ಲಿ 60,000ಕ್ಕೂ ಹೆಚ್ಚಿವೆ. ಪಟ್ಟಿಯಲ್ಲಿರುವುದೋ, 1824ರಲ್ಲಿ ಶುರುವಾದ ಬ್ರಿಟಿಷ್ ಭೂಮಾಪನ ಇಂಗ್ಲಿಷಿಗೆ ಒಗ್ಗಿಸಿದ ರೂಪ. ಇಂದಿನ ಲೀಶ್ ಕೌಂಟಿಯನ್ನೂ ಅಲ್ಲಿ ‘ಕ್ವೀನ್ಸ್ ಕೌಂಟಿ’ ಎಂದೇ ಹುಡುಕಬೇಕು. ಪೂರ್ವಜರ ನುಡಿಯನ್ನು ಮರೆಮಾಡಿದ ಹೆಸರೇ ಈಗ ಅವರ ಮನೆಬಾಗಿಲಿಗೆ ದಾರಿ ತೋರಿಸುತ್ತಿದೆ! ಅದನ್ನು ಅಳಿಸಿದರೆ ಅನ್ಯಾಯದ ಸಾಕ್ಷಿಯೂ ಅಳಿಯುತ್ತದೆ, ದಾರಿಯೂ ಮುಚ್ಚುತ್ತದೆ.

ಇನ್ನೊಂದು ಮುಖವೂ ಇದೆ. ಐರಿಷ್ ಸರಕಾರವೇ 2005ರಲ್ಲಿ ಡಿಂಗಲ್ ಪಟ್ಟಣದ ಇಂಗ್ಲಿಷ್ ಹೆಸರಿನ ಮಾನ್ಯತೆ ತೆಗೆದು ಐರಿಷ್ ಹೆಸರನ್ನಷ್ಟೇ ಉಳಿಸಿತು. 2006ರ ಮತದಾನದಲ್ಲಿ ನಿವಾಸಿಗಳು ಭಾರೀ ಬಹುಮತದಿಂದ ಎರಡೂ ಹೆಸರು ಬೇಕೆಂದರು. 2011ರಲ್ಲಿ ಕಾನೂನು ಅವರಿಗೆ ಮಣಿಯಿತು. ತಮ್ಮದೇ ಭಾಷೆಯ ಹೆಸರಾದರೂ ಜನರನ್ನು ಕೇಳದೆ ಇಟ್ಟರೆ ಅದೂ ಹೇರಿಕೆಯೇ ತಾನೇ?

ಆದ್ದರಿಂದ ಯಾವ ಹೆಸರು ಹಳೆಯದು ಎಂಬುದಕ್ಕಿಂತ, ಯಾರನ್ನು ಕೇಳಿ ಇಟ್ಟರು ಎಂಬ ಪ್ರಶ್ನೆಯೇ ನಮಗೆ ಮುಖ್ಯವೆನಿಸುತ್ತದೆ. ಫಲಕದಲ್ಲಿ ಏನಿರಬೇಕೆಂದು ಅಲ್ಲಿ ಬಾಳುವವರು ತೀರ್ಮಾನಿಸಲಿ. ದೂರದಿಂದ ಬರುವ ಮೊಮ್ಮಗನಿಗೆ ಆ ಊರಿನಲ್ಲಿ ಮತವಿಲ್ಲ, ನಿಜ. ಆದರೆ ತನ್ನವರನ್ನು ಹುಡುಕುವ ಹಕ್ಕು ಅವನಿಗಿದೆ. ಅದಕ್ಕಾಗಿ ದಾಖಲೆಯಲ್ಲಿ ಎಲ್ಲ ಹೆಸರುಗಳೂ ಉಳಿಯಬೇಕು, ಪ್ರೀತಿಯಿಂದ ಕರೆದದ್ದೂ, ಬಲದಿಂದ ಬರೆಸಿದ್ದೂ.