ತೊಟ್ಟಿಕ್ಕುವ ನಲ್ಲಿ ಯಾರ ತಪ್ಪು?

ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ನಲ್ಲಿ ಸುಮಾರು ಎರಡು ತಿಂಗಳು ತೊಟ್ಟಿಕ್ಕಿತು. ಹಗಲಿನ ಗದ್ದಲದಲ್ಲಿ ಅದು ಕೇಳಿಸುತ್ತಿರಲಿಲ್ಲ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಸಿಂಕಿನಲ್ಲಿದ್ದ ತಟ್ಟೆಯ ಮೇಲೆ ಟಪ್ ಟಪ್ ಎಂದು ಬೀಳುವ ಸದ್ದು ಮಲಗುವ ಕೋಣೆಯವರೆಗೂ ಬರುತ್ತಿತ್ತು. ಮನೆಯಲ್ಲಿ ನಾಲ್ವರಿದ್ದೇವೆ, ನಾಲ್ವರಿಗೂ ಕೇಳಿಸುತ್ತಿತ್ತು. ಯಾರಾದರೊಬ್ಬರು ಎದ್ದು ಹೋಗಿ ತಟ್ಟೆ ಸರಿಸಿ, ನಲ್ಲಿಯ ಕೆಳಗೆ ಬಟ್ಟೆಯ ತುಂಡೊಂದನ್ನು ಹಾಕಿ ಬರುತ್ತಿದ್ದೆವು. ಸದ್ದು ನಿಲ್ಲುತ್ತಿತ್ತು. ನೀರು ನಿಲ್ಲುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ನಾವು ದಿನಾ ಹೇಳುತ್ತಿದ್ದೆವು: "ನಲ್ಲಿ ಸರಿಯಾಗಿ ನಿಲ್ಲಿಸಮ್ಮಾ, ನೋಡು, ನೀರು ಹೋಗ್ತಾ ಇದೆ." ಆಕೆ ಮರುಮಾತಾಡದೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಇನ್ನೊಂದಿಷ್ಟು ಬಿಗಿಯುತ್ತಿದ್ದಳು. ಒಮ್ಮೆ ಮಾತ್ರ "ಒಳಗೇ ಏನೋ ಹೋಗಿದೆ ಅನ್ಸುತ್ತೆ ಅಕ್ಕಾ" ಎಂದಿದ್ದಳು. ನಾವು ಅದನ್ನು ನೆಪವೆಂದುಕೊಂಡೆವು.

ಪ್ಲಂಬರ್ ಮೂರನೆಯ ಸಲವೂ ಮಾತಿಗೆ ತಪ್ಪಿದಾಗ, ಒಂದು ಭಾನುವಾರ ನಾವೇ ಅದನ್ನು ಬಿಚ್ಚಲು ನಿಂತೆವು. ಮಹಡಿಯ ಟ್ಯಾಂಕಿನಿಂದ ಇಳಿಯುವ ಪೈಪಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದಿದ್ದ ನೀರನ್ನು ಬಕೆಟ್ಟಿಗೆ ಬಿಟ್ಟು, ಸಿಂಕಿನ ತೂತಿಗೆ ಬಟ್ಟೆ ತುರುಕಿದೆವು. (ಸ್ಕ್ರೂ ಒಳಗೆ ಬಿದ್ದರೆ ಅಂದಿನ ದಿನ ಮುಗಿದಂತೆ.) ಹಿಡಿ ತೆಗೆದು ಅದರ ಕೆಳಗಿನ ದೊಡ್ಡ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿದರೆ, ತಿರುಗುವ ಕಡ್ಡಿ ಇಡಿಯಾಗಿ ಹೊರಬರುತ್ತದೆ. ಅದರ ತುದಿಯಲ್ಲಿ ನಾಣ್ಯದಂಥ ಒಂದು ರಬ್ಬರ್ ವಾಷರ್. ಹಳೆಯ ಮಾದರಿಯ ನಲ್ಲಿಯ ಗುಟ್ಟೆಲ್ಲ ಅಲ್ಲೇ ಇದೆ. ನಾವು ತಿರುಗಿಸಿದಾಗ ಕಡ್ಡಿ ಕೆಳಗಿಳಿದು, ನೀರು ಬರುವ ತೂತಿನ ಅಂಚಿನ ಮೇಲೆ ಈ ರಬ್ಬರನ್ನು ಒತ್ತುತ್ತದೆ. ರಬ್ಬರ್ ಮೆತ್ತಗಿರುವವರೆಗೆ ಹಗುರವಾಗಿ ತಿರುಗಿಸಿದರೂ ನೀರು ನಿಲ್ಲುತ್ತದೆ. ಕಾಲ ಕಳೆದಂತೆ ಅದು ಗಟ್ಟಿಯಾಗಿ ಸವೆಯುತ್ತದೆ, ಆಗ ಹನಿ ಶುರುವಾಗುತ್ತದೆ. ಬಲವಾಗಿ ಬಿಗಿದರೆ ಒಂದೆರಡು ದಿನ ನಿಂತಂತೆ ಕಾಣುವುದೂ ಉಂಟು. ಆದರೆ ಲೋಹದ ಅಂಚು ರಬ್ಬರನ್ನು ಕೊರೆಯುತ್ತಲೇ ಹೋಗುತ್ತದೆ. ನಮ್ಮ ವಾಷರಿನ ಮೇಲೆ ಬಳೆ ಒತ್ತಿದಂತೆ ದುಂಡಗೆ ಆಳವಾದ ಗೀರು ಬಿದ್ದಿತ್ತು, ಒಂದು ಕಡೆ ಕಿತ್ತೇ ಹೋಗಿತ್ತು.

ಅಂದರೆ ನಾವು ದಿನಾ ಕೊಡುತ್ತಿದ್ದ ಬುದ್ಧಿವಾದವೇ ನಲ್ಲಿಯನ್ನು ಇನ್ನಷ್ಟು ಕೆಡಿಸುತ್ತಿತ್ತು. ಆಕೆ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು.

ಹೊಸ ವಾಷರಿಗೆ ಕೆಲವೇ ರೂಪಾಯಿ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಹಾಗಾದರೆ ಎರಡು ತಿಂಗಳು ಏಕೆ ಬೇಕಾಯಿತು?

ಹಿಂದಿನ ರಾತ್ರಿ ಕುತೂಹಲಕ್ಕೆ ನಲ್ಲಿಯ ಕೆಳಗೆ ಬಿಂದಿಗೆಯೊಂದನ್ನು ಇಟ್ಟಿದ್ದೆವು. ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ ಅರ್ಧ ಬಿಂದಿಗೆ ತುಂಬಿತ್ತು. ದಿನಕ್ಕೆ ಒಂದೂವರೆ ಬಿಂದಿಗೆ, ಸುಮಾರು 20 ಲೀಟರ್. ವರ್ಷಕ್ಕೆ 7,000 ಲೀಟರಿಗೂ ಹೆಚ್ಚು. ನಗರದಲ್ಲಿ ನೀರಿನ ಹಾಹಾಕಾರವೆದ್ದಿದ್ದ 2024ರ ಮಾರ್ಚಿನಲ್ಲಿ, ಐದು ಕಿಲೋಮೀಟರ್ ಒಳಗಿನ 6,000 ಲೀಟರಿನ ಟ್ಯಾಂಕರಿಗೆ ಜಿಲ್ಲಾಡಳಿತ ನಿಗದಿಪಡಿಸಿದ ದರ 600 ರೂಪಾಯಿ. ಆ ಲೆಕ್ಕದಲ್ಲಿ ನಮ್ಮ ಹನಿಗಳ ಬೆಲೆ ದಿನಕ್ಕೆ ಎರಡು ರೂಪಾಯಿ. ಎರಡು ರೂಪಾಯಿಗೆ ಯಾರು ಏಳುತ್ತಾರೆ? ಅದೇ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನ ಮೇಲೆ ಪಂಪು ತಳ್ಳಿ ತಂದ ಕಾವೇರಿ. ನಮ್ಮ ಸಿಂಕಿನ ತೂತಿನಲ್ಲಿ ಅದು ಬಂದ ದಾರಿಯ ಗುರುತೂ ಉಳಿಯುವುದಿಲ್ಲ.

ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಯೋಚಿಸಿದರೆ, ನದಿಯಲ್ಲಿ ಎರಡು ಬೊಗಸೆ ಹೆಚ್ಚು ಬಳಸಿದರೆ ಯಾರಿಗೂ ಕೊರತೆಯಾಗದು. ಆದ್ದರಿಂದ ಅಲ್ಲಿ ಅಳತೆಗೆ ಸಿಗುವುದು ನೀರಲ್ಲ, ಬಳಸುವವನ ಮನಸ್ಸು. ನೀರಿನ ವಿಷಯದಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ.

ಕಷ್ಟವಾದದ್ದು ಇನ್ನೊಂದು. ನಾವೇ ನಲ್ಲಿ ನಿಲ್ಲಿಸಿದ ಮೇಲೂ ಅದು ತೊಟ್ಟಿಕ್ಕುತ್ತಿತ್ತಲ್ಲ, ಆಗ ನಾವು ಏನೆನ್ನುತ್ತಿದ್ದೆವು? "ಈ ನಲ್ಲಿ ಕೆಟ್ಟಿದೆ" ಎನ್ನುತ್ತಿದ್ದೆವು. ಆಕೆ ನಿಲ್ಲಿಸಿದಾಗ ಮಾತ್ರ ಕೆಟ್ಟದ್ದು ಆಕೆಯ ಕೈ. ಒಂದೇ ನಲ್ಲಿ, ಒಂದೇ ಹನಿ, ಎರಡು ತೀರ್ಪು. ವಾಷರ್ ಸವೆದಿರುವುದು ನಮಗೆ ತಿಳಿದಿರಲಿಲ್ಲ, ನಿಜ. ಆದರೆ ತಿಳಿಯಲು ನಾವು ಯತ್ನಿಸದಿದ್ದುದಕ್ಕೆ ಕಾರಣ, ತಪ್ಪು ಹೊರಿಸಲು ಒಬ್ಬರು ಸಿಕ್ಕಿದ್ದರು. ಸಿಕ್ಕದೆ ಇದ್ದಿದ್ದರೆ ಮೊದಲ ವಾರವೇ ನಲ್ಲಿ ಬಿಚ್ಚುತ್ತಿದ್ದೆವೇನೋ.

ಇಷ್ಟು ಸಣ್ಣ ಮಾತಿಗೆ ಅನ್ಯಾಯವೆಂಬ ದೊಡ್ಡ ಪದವೇಕೆ ಎಂದು ಓದುಗರು ಕೇಳಬಹುದು. ಆಕೆಯ ಬೀದಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಬಿಂದಿಗೆಗಳನ್ನು ಸಾಲಿಟ್ಟು ಕಾದು, ತುಂಬಿ, ಹೊತ್ತು, ಆ ಮೇಲೆ ನಮ್ಮ ಮನೆಗೆ ಬರುತ್ತಾಳೆ. ಒಂದೂವರೆ ಬಿಂದಿಗೆಯ ತೂಕ ನಮಗಿಂತ ಚೆನ್ನಾಗಿ ಆಕೆಯ ಸೊಂಟಕ್ಕೆ ಗೊತ್ತು. ಅಂಥವಳಿಗೆ ನೀರಿನ ಬೆಲೆಯ ಬಗ್ಗೆ ನಾವು ಎರಡು ತಿಂಗಳು ಪಾಠ ಹೇಳಿದೆವು. ದೇವನಿಗೆ ಸಲ್ಲಬೇಕಾದದ್ದನ್ನು ದೇವನು ಮನ್ನಿಸಿಯಾನು, ಮನುಷ್ಯರ ಹಕ್ಕಿನ ವಿಷಯವನ್ನು ಆ ಮನುಷ್ಯರೇ ಮನ್ನಿಸಬೇಕು ಎಂದು ನಾವೇ ಇತರರಿಗೆ ಹೇಳುತ್ತೇವೆ.

ಸೋಮವಾರ ಆಕೆ ಬಂದಾಗ ಹಳೆಯ ವಾಷರನ್ನು ಅಂಗೈಯಲ್ಲಿಟ್ಟು ತೋರಿಸಿದೆವು. "ತಪ್ಪು ನಿನ್ನದಲ್ಲಮ್ಮಾ, ನಾವೇ ನೋಡಿರಲಿಲ್ಲ. ಮನಸ್ಸಿನಲ್ಲಿ ಇಟ್ಕೋಬೇಡ" ಎಂದೆವು. ಆಕೆ ಅದನ್ನು ತಿರುಗಿಸಿ ನೋಡಿ, "ಆವತ್ತೇ ಹೇಳಿದ್ನಲ್ಲಾ ಅಕ್ಕಾ" ಎಂದು ನಕ್ಕು ಪಾತ್ರೆಗಳತ್ತ ತಿರುಗಿದಳು. ಆ ನಗುವಿನಲ್ಲಿ ಕ್ಷಮೆಯಿತ್ತೋ ಇಲ್ಲವೋ ನಮಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಈಗ ನಲ್ಲಿ ಒಂದು ಬೆರಳಿನ ಬಲಕ್ಕೆ ನಿಲ್ಲುತ್ತದೆ. ಆಕೆ ಮಾತ್ರ ಹೊರಡುವ ಮುಂಚೆ ಇವತ್ತಿಗೂ ಹಿಂತಿರುಗಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಇನ್ನೊಂದು ಸುತ್ತು ಬಲವಾಗಿ ಬಿಗಿಯುತ್ತಾಳೆ. ಬೇಡವೆಂದರೂ ಆ ಕೈ ಕೇಳುವುದಿಲ್ಲ.