ಕೇಡು ಮಾಡದಿದ್ದರೆ ಸಾಕೇ?

ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಗೆ ಪರಮಪ್ರಸಾದ ನೀಡಲು ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಅವರು ಕೇಳಿದರು: “ಸ್ವಾಮಿ, ಹೊರಗಿನಿಂದ ಬಂದ ಈ ವಸ್ತುವನ್ನು ನನ್ನ ಶರೀರ ತನ್ನದೆಂದು ಒಪ್ಪಿಕೊಳ್ಳುತ್ತದೆಯೇ?” ಅದು ವೈದ್ಯರು ಉತ್ತರಿಸಬೇಕಾದ ಪ್ರಶ್ನೆ. ಆದರೂ ನನ್ನನ್ನು ಬಹಳ ದಿನ ಕಾಡಿತು.

ಶರೀರದೊಳಗೆ ಇರಿಸುವ ವಸ್ತುವಿಗೆ ವಿಜ್ಞಾನ ಮೊದಲು ವಿಧಿಸಿದ ನಿಯಮ ಸರಳವಾದುದು: ಅದು ಕೇಡು ಮಾಡಬಾರದು. ತುಕ್ಕು ಹಿಡಿಯಬಾರದು, ವಿಷ ಬಿಡಬಾರದು. 1970ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಿಯರ್ ಬೂತಾಂ ಸೊಂಟದ ಕೀಲಿಗೆ ಬಳಸಿದ ಅಲ್ಯುಮಿನಾ ಎಂಬ ಸೆರಾಮಿಕ್ ಇಂಥದು. ಬಲು ಗಟ್ಟಿ, ಬಲು ನುಣುಪು. ಶರೀರದೊಡನೆ ಅದಕ್ಕೆ ಕೊಡುಕೊಳ್ಳುವಿಕೆಯಿಲ್ಲ. ಇಂಥ ನಿರ್ಲಿಪ್ತ ವಸ್ತುವಿನ ಸುತ್ತ ಶರೀರವು ನಾರಿನಂಥ ತೆಳುಪೊರೆಯೊಂದನ್ನು ಹೆಣೆಯುತ್ತದೆ. ಹೊರದೂಡುವುದಿಲ್ಲ, ತನ್ನೊಡನೆ ಬೆಸೆದುಕೊಳ್ಳುವುದೂ ಇಲ್ಲ.

1967ರಲ್ಲಿ ಅಮೆರಿಕದ ವಿಜ್ಞಾನಿ ಲ್ಯಾರಿ ಹೆಂಚ್ ಬಸ್ಸಿನಲ್ಲಿ ಪಯಣಿಸುತ್ತಿದ್ದಾಗ, ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೇನಾಧಿಕಾರಿಯೊಬ್ಬರು ಜೊತೆಯಾದರು. ಕೈಕಾಲು ಕಳೆದುಕೊಂಡ ಸೈನಿಕರನ್ನು ನೆನೆದು, ಶರೀರ ಒಪ್ಪುವಂಥ ವಸ್ತುವನ್ನು ನೀವು ಮಾಡಬಲ್ಲಿರಾ ಎಂದು ಕೇಳಿದರು. 1969ರಲ್ಲಿ ಹೆಂಚ್ ರೂಪಿಸಿದ ‘ಬಯೋಗ್ಲಾಸ್’ ಎಂಬ ಗಾಜು ಆ ಪ್ರಶ್ನೆಗೆ ಉತ್ತರವಾಯಿತು. ಶರೀರದ ದ್ರವ ತಾಗಿದಾಗ ಈ ಗಾಜಿನ ಮೇಲ್ಮೈ ತುಸು ಕರಗಿ, ತನ್ನಲ್ಲಿರುವ ಸೋಡಿಯಂ, ಕ್ಯಾಲ್ಸಿಯಂಗಳನ್ನು ಬಿಟ್ಟುಕೊಡುತ್ತದೆ. ಹಾಗೆ ಕರಗಿದೆಡೆಯಲ್ಲಿಯೇ ಮೂಳೆಯ ಖನಿಜವನ್ನು ಹೋಲುವ ಪದರವೊಂದು ಮೂಡುತ್ತದೆ; ಮೂಳೆ ಅದಕ್ಕೆ ಬೆಸೆದುಕೊಳ್ಳುತ್ತದೆ.

ಆ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಎಂಬ ಸೆರಾಮಿಕ್ಕನ್ನು ಇಂದು ಟೈಟಾನಿಯಂ ಕೀಲುಗಳಿಗೆ ಲೇಪಿಸುವುದುಂಟು. ಯಶವಂತಪುರದ ಸಮೀಪ, ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪ್ರಾಧ್ಯಾಪಕ ಬಿಕ್ರಮ್‌ಜಿತ್ ಬಸು ಅವರ ತಂಡ ಇಂಥ ವಸ್ತುಗಳ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿದೆ. ನಿರ್ಲಿಪ್ತ ವಸ್ತುವೂ ವ್ಯರ್ಥವಲ್ಲ. ಕೀಲಿನ ಗುಂಡು ತಿರುಗುವೆಡೆ ಅದೇ ಬೇಕು. ಆದರೆ ಮೂಳೆಯೊಡನೆ ಒಂದಾಗಬೇಕಾದೆಡೆ ನುಣುಪು ಸಾಲದು.

ಆತ್ಮಶೋಧನೆಯ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಹೇಳಿಕೊಳ್ಳುವ ಮಾತೊಂದಿದೆ: ನಾನು ಯಾರಿಗೂ ಕೇಡು ಮಾಡಿಲ್ಲ. ಅದು ಸಣ್ಣ ಸಂಗತಿಯಲ್ಲ. ಎಲ್ಲ ನೀತಿಯೂ ಅಲ್ಲಿಂದಲೇ ಆರಂಭವಾಗುತ್ತದೆ. ಆದರೆ ಯೇಸುಸ್ವಾಮಿಯ ಸಾಮತಿಯಲ್ಲಿ ಜೆರಿಕೊ ದಾರಿಯಲ್ಲಿ ಹಾದುಹೋದ ಯಾಜಕನಾಗಲಿ ಲೇವಿಯನಾಗಲಿ ಗಾಯಗೊಂಡವನಿಗೆ ಕೇಡು ಮಾಡಿದವರಲ್ಲ. ಅವರು ಏನನ್ನೂ ಕಳೆದುಕೊಳ್ಳದೆ ಮುಂದೆ ಸಾಗಿದರು. ಸಮಾರಿಯದವನಾದರೋ ಎಣ್ಣೆ, ದ್ರಾಕ್ಷಾರಸ, ಹಣ, ಸಮಯ ಎಲ್ಲವನ್ನೂ ಕಳೆದುಕೊಂಡ, ನೆರೆಯವನಾದ.

ಯಲಹಂಕದ ಸುತ್ತಮುತ್ತ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಅವುಗಳನ್ನು ಕಟ್ಟುವವರಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳೂ ಇವೆ. ಕಾಂಪೌಂಡು ಗೋಡೆಯಾಚೆಯ ತಗಡಿನ ಶೆಡ್ಡುಗಳಲ್ಲಿ ಅವರ ವಾಸ. ನಾವು ಅವರಿಗೆ ಕೇಡು ಮಾಡಿಲ್ಲ, ಅವರೂ ನಮಗೆ ಮಾಡಿಲ್ಲ; ನಡುವೆ ಪೊರೆಯೊಂದು ಮಾತ್ರ ಬೆಳೆದಿದೆ. ಅಂಥ ಒಂದು ಕುಟುಂಬ ನಮ್ಮ ದೇವಾಲಯದ ಬಾಗಿಲ ಬಳಿ ನಿಂತೇ ಬಲಿಪೂಜೆಯಲ್ಲಿ ಪಾಲ್ಗೊಂಡು ಹಿಂದಿರುಗುತ್ತಿತ್ತು. ಅವರ ಹೆಸರು ಕೇಳಲು ನಾನು ಒಂದು ವರ್ಷ ತೆಗೆದುಕೊಂಡೆ. ಅವಸರವೇನೂ ಇರಲಿಲ್ಲ, ನನ್ನ ದಿನಚರಿ ಕದಡಬಾರದೆಂಬ ಆಸೆಯಿತ್ತು, ಅಷ್ಟೇ.

ದೇವಪುತ್ರರು ತಮ್ಮನ್ನು ಬರಿದುಮಾಡಿಕೊಂಡು ಮನುಷ್ಯರಾದರೆಂದು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದರು. ಇಲ್ಲಿ ಉಪಮೆಗೆ ಮಿತಿಯುಂಟು. ಲೇಪವೆಂಬುದು ಮೇಲ್ಮೈಯಲ್ಲಿ ಮಾತ್ರ. ಸರಿಯಾಗಿ ಅಂಟದಿದ್ದರೆ ಸುಲಿದುಬೀಳುತ್ತದೆ. ಪ್ರಭುವು ನಮ್ಮ ಮಾನವತ್ವವನ್ನು ಲೇಪದಂತೆ ಧರಿಸಲಿಲ್ಲ. ಅದು ಬರಿಯ ತೋರಿಕೆಯೆಂದವರನ್ನು ಧರ್ಮಸಭೆ ಆದಿಯಲ್ಲೇ ನಿರಾಕರಿಸಿತು. ನಮ್ಮ ಪ್ರೀತಿಯೂ ಮಾತಿನ ಲೇಪವಾಗಿ ಉಳಿಯಬಾರದು.

ಆ ಹಿರಿಯರು ಈಗ ಕೋಲೂರಿಕೊಂಡು ಭಾನುವಾರದ ಪೂಜೆಗೆ ಬರುತ್ತಾರೆ. ಅವರ ಬೆಂಚಿನಲ್ಲಿ ಇನ್ನೂ ಮೂವರು ಕೂರಬಹುದು. ಬಾಗಿಲ ಬಳಿ ನಿಂತವರನ್ನು ಕರೆದು ಕೂರಿಸೋಣ. ನಮ್ಮ ಜಾಗ ತುಸು ಕಿರಿದಾದೀತು; ಆದರೂ ಕರೆಯೋಣ.